ಬೀಗ ಹಾಕಿದ ಮನೆಗಳ ಅಭಿಪ್ರಾಯ

ಜುಲೈ ೯

ಪ್ರೀತಿಯ ಮಗಳು ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ಹೋಪ್ ದಿಸ್ ಫೈಂಡ್ಸ್ ಯೂ ಇನ್ ದಿ ಪಿಂಕ್ ಆಫ್ ಹೆಲ್ತ್. ಆರೋಗ್ಯಕ್ಕೆ ಗುಲಾಬಿ ಬಣ್ಣ ಹೇಗೆ ಬಂತು ಎಂದು ಬಿ.ಎ. ಎರಡನೇ ವರ್ಷದಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರ್ ಒಂದು ಪೀರಿಯಡ್ ಪೂರ್ತಿ ವಿವರಿಸಿದ್ದರು. ವಿವರಣೆ ಮರೆತುಹೋಯಿತು, ಬಣ್ಣ ಮಾತ್ರ ಉಳಿದಿದೆ.

ಉತ್ತರ ಬರೆಯಲು ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಹೇಳುವುದೇ ಒಂದು, ನನ್ನ ಕಿವಿಗೆ ಬೀಳುವುದೇ ಇನ್ನೊಂದು. ಕೊನೆಗೆ ಇಬ್ಬರೂ ಕೂಗಾಡುತ್ತೇವೆ, ಪಕ್ಕದ ಮನೆಯವರು ಬಾಗಿಲು ಬಡಿದು “ಏನಾಯ್ತು ಸಾರ್, ಎಲ್ಲಾ ಕ್ಷೇಮ ತಾನೆ?” ಎಂದು ಕೇಳುತ್ತಾರೆ. ಕಾಗದವೇ ವಾಸಿ. ಕಾಗದ ಕೂಗುವುದಿಲ್ಲ.

ನಾನು ಚೆನ್ನಾಗಿದ್ದೇನೆ. ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ಬಯ್ಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಅಳಿಯಂದಿರ ಕೆಮ್ಮು ಹೇಗಿದೆ? ಅವರಿಗೆ ಬಿಸಿನೀರು ಕುಡಿಯಲು ಹೇಳು, ನಾನು ಹೇಳಿದೆ ಎಂದು ಹೇಳಬೇಡ.

ಈಗ ಮುಖ್ಯ ಸಮಾಚಾರಕ್ಕೆ ಬರುತ್ತೇನೆ. ನಮ್ಮ ಕಟ್ಟಡದ ಕೆಳಗೆ, ಮೆಟ್ಟಿಲ ಪಕ್ಕದಲ್ಲಿ ಓದುವ ಕೋಣೆ ಇದೆಯಲ್ಲ, ಎರಡು ಬೆಂಚು, ಒಂದು ಕೇರಂ ಬೋರ್ಡು, ಮೂರು ಪೇಪರು, ಅದರ ಕುತ್ತಿಗೆಗೆ ಕುತ್ತು ಬಂದಿದೆ. ನಮ್ಮ ಸಂಘದ ಸೆಕ್ರೆಟರಿ, ಟೈಲ್ಸ್ ಅಂಗಡಿಯವನು, ಕೋಣೆಯ ಮುಂದಿನ ಗೋಡೆ ಒಡೆಸಿ ಸ್ಕೂಟರ್ ನಿಲ್ಲಿಸಲು ಜಾಗ ಮಾಡಬೇಕೆಂದು ಮೀಟಿಂಗಿನಲ್ಲಿ ಎದ್ದು ನಿಂತ. “ಮೂರು ಜನ ಯಜಮಾನ್ರು ಕಾಲು ಚಾಚಿ ಕೂರೋಕೆ ಅಷ್ಟು ದೊಡ್ಡ ರೂಮಾ? ಸ್ಕೂಟರ್‌ಗಳು ಮಳೆಯಲ್ಲಿ ನೆನೀತಾ ಇವೆ” ಎಂದ. ಆ ಮೂರು ಜನ ಯಾರೆಂದು ಹೇಳಬೇಕಾಗಿಲ್ಲ. ಒಬ್ಬ ನಾನು. ಇನ್ನೊಬ್ಬ ವಾಚಣ್ಣ. ಆಯಸ್ಸು ಪೂರ್ತಿ ಊರಿನವರ ಗಡಿಯಾರ ರಿಪೇರಿ ಮಾಡಿದವನು, ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಮೂರನೆಯವನು ಮೇಜರ್. ಸೈನ್ಯದ ಮುಖ ಕಂಡವನಲ್ಲ, ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ಮು ಬಾರಿಸುತ್ತಿದ್ದ. ಕೆಂಪು ಕೋಟು ಬಿಚ್ಚಿಟ್ಟರೂ ಗತ್ತು ಬಿಚ್ಚಿಲ್ಲ.

ಮೇಜರ್ ಎದ್ದು ನಿಂತು, “ಸ್ಕೂಟರ್‌ಗೆ ನೆಗಡಿ ಆಗುತ್ತಾ ಸ್ವಾಮೀ?” ಎಂದು ಕೇಳಿದ. ಮೀಟಿಂಗಿನಲ್ಲಿ ಗಲಾಟೆಯೋ ಗಲಾಟೆ. ಕೊನೆಗೆ ಒಂದು ತೀರ್ಮಾನವಾಯಿತು: ಕಟ್ಟಡದಲ್ಲಿರುವವರನ್ನು ವಿಚಾರಿಸೋಣ, ಕೋಣೆ ಬೇಕೋ ಸ್ಕೂಟರಿಗೆ ಜಾಗ ಬೇಕೋ ಎಂದು. ವಿಚಾರಿಸುವವರು ಯಾರು? ಎಲ್ಲರೂ ನನ್ನ ಕಡೆ ತಿರುಗಿದರು. ನೀರು ಸರಬರಾಜು ಆಫೀಸಿನಲ್ಲಿ ಮೀಟರ್ ಓದುತ್ತ ಮನೆ ಮನೆ ಬಾಗಿಲು ತಟ್ಟಿದವನು ನಾನಲ್ಲವೇ? ಬಾಗಿಲು ತಟ್ಟುವುದು ನನಗೆ ಹೊಸದೇ?

ಪುಟ್ಟಿ, ಆ ಕೋಣೆ ಹೋದರೆ ನಾನು ಎಲ್ಲಿಗೆ ಹೋಗಲಿ ಹೇಳು. ಬೆಳಿಗ್ಗೆ ಕಾಫಿ ಕುಡಿದ ಲೋಟ ತೊಳೆದಿಟ್ಟ ಕೂಡಲೇ ನನ್ನ ಕಾಲು ತಾನಾಗಿ ಕೆಳಗಿಳಿಯುತ್ತದೆ. ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವವನೂ ನಾನೇ, ಸಂಜೆ ಹಾಕುವವನೂ ನಾನೇ. ಆದ್ದರಿಂದ ಈ ಕೆಲಸ ಚೊಕ್ಕಟವಾಗಿ ಮಾಡಬೇಕೆಂದು ಹೊರಟೆ.

ಕಟ್ಟಡದಲ್ಲಿ ಮೂರು ಬ್ಲಾಕು, ನೂರಾರು ಮನೆ. ಎಲ್ಲರನ್ನೂ ಕೇಳುವುದು ಬೇಡ, ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು; ನಿನ್ನ ಅಮ್ಮ ಎಂದಾದರೂ ಪಾತ್ರೆಯಲ್ಲಿದ್ದದ್ದನ್ನೆಲ್ಲ ಹಿಚುಕಿ ನೋಡಿದ್ದಳೇ? ನಾನು ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಬಂದವರನ್ನೆಲ್ಲ ಕೇಳಿದೆ. ಇವರು ನಮ್ಮವರು, ಅವರು ಸೆಕ್ರೆಟರಿ ಕಡೆಯವರು ಎಂದು ಭೇದ ಮಾಡಲಿಲ್ಲ. ಯಾರನ್ನೂ ಆರಿಸಲಿಲ್ಲ. ಅಟ್ ರ್‍ಯಾಂಡಮ್, ನೀನು ಹೇಳುವ ಹಾಗೆ. ಒಬ್ಬನ ಹೊರತು ಎಲ್ಲರೂ ಕೋಣೆ ಬೇಕೇ ಬೇಕು ಎಂದರು. ಆ ಒಬ್ಬ ವಿಳಾಸ ಹುಡುಕುತ್ತ ಬಂದ ಕೊರಿಯರ್‌ನವನಂತೆ, ಆಮೇಲೆ ಗೊತ್ತಾಯಿತು.

ನೀನು ಶಾಲೆಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುವವಳು. ಒಂದು ಸಲ ಅಪ್ಪನ ಬೆನ್ನು ತಟ್ಟು.

ಎಲ್ಲರಿಗೂ ನನ್ನ ಆಶೀರ್ವಾದ.

ನಿನ್ನ ಅಪ್ಪ


ಆಗಸ್ಟ್ ೩

ಚಿರಂಜೀವಿ ಪುಟ್ಟಿಗೆ,

ಆಶೀರ್ವಾದಗಳು. ಬೆನ್ನು ತಟ್ಟುತ್ತೀಯ ಎಂದು ಬಾಗಿ ನಿಂತರೆ ಗುದ್ದಿದ್ದೀಯ. ಇರಲಿ, ಮಗಳ ಗುದ್ದು ಮೂಳೆ ಮುರಿಯುವುದಿಲ್ಲ.

“ಓದುವ ಕೋಣೆ ಬಾಗಿಲಲ್ಲಿ ಕೂತು ಓದುವ ಕೋಣೆ ಬೇಕಾ ಅಂತ ಕೇಳಿದರೆ, ಸಿನಿಮಾ ಕ್ಯೂನಲ್ಲಿ ನಿಂತವರನ್ನು ಸಿನಿಮಾ ಇಷ್ಟವಾ ಅಂತ ಕೇಳಿದ ಹಾಗೆ ಅಪ್ಪ” ಎಂದು ನೀನು ಬರೆದದ್ದನ್ನು ವಾಚಣ್ಣನಿಗೆ ಓದಿ ಹೇಳಿದೆ. ಅವನು ನಕ್ಕ ನಗುವಿಗೆ ಹಲ್ಲಿನ ಸೆಟ್ಟು ಸಡಿಲವಾಯಿತು. ನಿನ್ನ ತರಗತಿಯ ಮಕ್ಕಳೂ ಪ್ರತಿ ವರ್ಷ ಇದೇ ತಪ್ಪು ಮಾಡುತ್ತಾರೆ, ‘ಸಿಕ್ಕಸಿಕ್ಕವರನ್ನು ಕೇಳುವುದೇ ರ್‍ಯಾಂಡಮ್’ ಎಂದು ಪರೀಕ್ಷೆಯಲ್ಲಿ ಬರೆದು ಸೊನ್ನೆ ತೆಗೆದುಕೊಳ್ಳುತ್ತಾರೆ ಎಂದಿದ್ದೀಯ. ಆ ಮಕ್ಕಳ ಮೇಲೆ ನನಗೆ ಅಭಿಮಾನ ಹುಟ್ಟಿದೆ. ಅಗುಳಿನ ವಿಷಯದಲ್ಲೂ ನೀನು ಬಿಟ್ಟಿಲ್ಲ. ಅಮ್ಮ ಸೌಟಿನಲ್ಲಿ ತಳದಿಂದ ತಿರುವಿ ಅಗುಳು ತೆಗೆಯುತ್ತಿದ್ದಳು, ನೀವು ಮೇಲೆ ಬೆಂದದ್ದನ್ನೇ ಮುಟ್ಟಿ ಬಂದಿದ್ದೀರಿ ಎಂದಿದ್ದೀಯ. ಒಪ್ಪಿದೆ.

ನೀನು ಹೇಳಿದಂತೆಯೇ ಮಾಡಿದೆ. ಪ್ರತಿಯೊಂದು ಮನೆಗೂ ಚೀಟಿಯಲ್ಲಿ ಬರುವ ಅವಕಾಶ ಸಮನಾಗಿರಬೇಕು, ಅದೇ ರ್‍ಯಾಂಡಮ್, ಕಣ್ಣು ಮುಚ್ಚಿಕೊಂಡು ಓಡಾಡುವುದಲ್ಲ. ಹಳೆಯ ಕ್ಯಾಲೆಂಡರ್ ಕತ್ತರಿಸಿ, ಚೀಟಿಗೊಂದು ಮನೆಯ ನಂಬರ್ ಬರೆದು, ಬಿಸ್ಕತ್ತಿನ ಡಬ್ಬಿಗೆ ತುಂಬಿದೆ. ಮೂವತ್ತು ಮನೆ ಎಂದು ಮೊದಲೇ ಗೊತ್ತುಮಾಡಿಕೊಂಡೆ. ಡಬ್ಬಿ ಕಂಠಮಟ್ಟ ತುಂಬಿತ್ತು, ಅಲುಗಿಸಲು ಜಾಗವಿರಲಿಲ್ಲ. ಎತ್ತಿದೆ, ಎತ್ತಿದೆ, ಎತ್ತಿದಷ್ಟೂ ಹಿಂದಿನ ಬ್ಲಾಕಿನವೇ! ಮೇಜರ್‌ಗೆ ಅನುಮಾನ ಬಂತು. “ಏನ್ರೀ ಇದು, ಹಿಂದಿನ ಬ್ಲಾಕ್‌ನವರ ಹತ್ರ ಏನಾದ್ರೂ ತಿಂದಿದ್ದೀರಾ?” ಎಂದ. ಆಮೇಲೆ ಹೊಳೆಯಿತು. ಮುಂದಿನ ಬ್ಲಾಕಿನ ಚೀಟಿ ಮೊದಲು ಬರೆದು ಮೊದಲು ಹಾಕಿದ್ದೆ, ಅವೆಲ್ಲ ತಳದಲ್ಲಿ ಮಲಗಿವೆ. ಹಿಂದಿನ ಬ್ಲಾಕು ಕೊನೆಗೆ ಬಂದು ಮೇಲೆ ಕೂತಿದೆ. ಸೌಟು ತಿರುಗಿಸದೆ ಅಗುಳು ತೆಗೆದದ್ದೇ ಆಯಿತು!

ದೊಡ್ಡ ಬಕೆಟ್ಟಿಗೆ ಸುರಿದು, ಎರಡೂ ಕೈ ಹಾಕಿ ಕಲಸಿ, ಮತ್ತೆ ಎತ್ತಿದೆ. ಈ ಸಲ ಇನ್ನೊಂದು ವಿಚಿತ್ರ. ಒಂದೇ ಮಹಡಿಯ ಅಕ್ಕಪಕ್ಕದ ಮೂರು ಮನೆ ಒಂದರ ಹಿಂದೆ ಒಂದು ಬಂದವು. ವಾಚಣ್ಣ, “ಇದು ಕಲಸಿದ ಹಾಗಿಲ್ಲ, ಯಾರೋ ಜೋಡಿಸಿಟ್ಟ ಹಾಗಿದೆ. ಎರಡನ್ನ ವಾಪಸ್ ಹಾಕ್ರೀ” ಎಂದ. ನನಗೂ ಹೌದೆನ್ನಿಸಿತು. ರ್‍ಯಾಂಡಮ್ ಎಂದರೆ ಅಲ್ಲೊಂದು ಇಲ್ಲೊಂದು ಹರಡಿರಬೇಡವೇ? ಎರಡನ್ನು ಬಕೆಟ್ಟಿಗೆ ಹಾಕಿದೆ. ಹಾಕಿದ ಮೇಲೆ ಏನೋ ಕೊರೆಯತೊಡಗಿತು. ಎಲ್ಲಿ ಹರಡಬೇಕೆಂದು ನಾವೇ ನಿರ್ಧರಿಸಿದರೆ ಚೀಟಿಗೇನು ಕೆಲಸ? ಇಸ್ಪೀಟಿನಲ್ಲಿ ಮೂರು ರಾಜರು ಒಟ್ಟಿಗೆ ಬಂದರೆ ಯಾರೂ ವಾಪಸ್ ಹಾಕುವುದಿಲ್ಲವಲ್ಲ! ಆ ಎರಡನ್ನು ಹುಡುಕಿ ತೆಗೆದು ಮತ್ತೆ ಸೇರಿಸಿಕೊಂಡೆ. ಇದಕ್ಕಾದರೂ ಶಹಭಾಸ್ ಅನ್ನು.

ಅತ್ತ ಸೆಕ್ರೆಟರಿ ಸುಮ್ಮನೆ ಕೂತಿಲ್ಲ. ಸ್ಕೂಟರ್ ನಿಲ್ಲಿಸುವ ಕಡೆ ಒಂದು ಪೆಟ್ಟಿಗೆ ಇಟ್ಟು, ‘ನಿಮ್ಮ ಅಭಿಪ್ರಾಯ ಬರೆದು ಹಾಕಿ’ ಎಂದು ಬೋರ್ಡು ತಗುಲಿಸಿದ್ದಾನೆ. ಪೆಟ್ಟಿಗೆ ತುಂಬಿ ತುಳುಕುತ್ತಿದೆ. “ನಿಮ್ಮದು ಮೂವತ್ತು ಸಾರ್, ನಂದು ನೂರರ ಮೇಲೆ. ಯಾವುದು ದೊಡ್ಡದು ಅಂತ ಸ್ಕೂಲ್ ಮಕ್ಕಳೂ ಹೇಳ್ತವೆ” ಎಂದು ಕಣ್ಣು ಮಿಟುಕಿಸಿದ. ಸ್ಕೂಟರ್ ಪಕ್ಕ ನಿಂತು ಬರೆದವರು ಸ್ಕೂಟರ್ ಬಿಟ್ಟು ಇನ್ನೇನು ಬರೆದಾರು? ನನ್ನ ಮೊದಲ ತಪ್ಪಿಗೆ ಅವನ ತಪ್ಪು ಅಣ್ಣ. ಉಪ್ಪು ಹೆಚ್ಚಾದ ಸಾರನ್ನು ಎಷ್ಟು ಲೋಟ ಕುಡಿದು ನೋಡಿದರೂ ಉಪ್ಪು ಕಡಿಮೆಯಾಗುವುದಿಲ್ಲವಯ್ಯಾ ಎಂದೆ. ಅವನಿಗೆ ತಲೆಗೆ ಹೋಗಲಿಲ್ಲ.

ಮೂವತ್ತು ಮನೆಗೂ ಹೋದೆ. ಕೆಲವು ಮನೆಗಳಲ್ಲಿ ಬೀಗ. ಅದಕ್ಕೆಲ್ಲ ನಾನು ಹೆದರುವವನಲ್ಲ. ನನ್ನ ಸರ್ವೀಸಿನಲ್ಲಿ ಬೀಗ ಹಾಕಿದ ಮನೆ ಎಷ್ಟು ಕಂಡಿಲ್ಲ! ಮೀಟರ್ ಒಳಗಿದೆ, ಮನೆಯವರು ಹೊರಗಿದ್ದಾರೆ, ಆಗ ಏನು ಮಾಡುತ್ತಿದ್ದೆವು? ‘ಡೋರ್ ಲಾಕ್, ಆವರೇಜ್’ ಎಂದು ಬರೆದು, ಅಕ್ಕಪಕ್ಕದ ಮನೆಯವರು ಎಷ್ಟು ನೀರು ಬಳಸಿದ್ದಾರೋ ಅಷ್ಟನ್ನೇ ಇವರಿಗೂ ಹಾಕಿ ಮುಂದೆ ಹೋಗುತ್ತಿದ್ದೆವು. ಇಲ್ಲಿಯೂ ಹಾಗೆಯೇ ಮಾಡಿದೆ. ಬೀಗ ಇದ್ದರೆ ಪಕ್ಕದ ಮನೆ ತಟ್ಟಿದೆ, ಅವರು ಹೇಳಿದ್ದನ್ನು ಬರೆದುಕೊಂಡೆ. ಮೂವತ್ತಕ್ಕೆ ಮೂವತ್ತು ಪೂರ್ತಿ. ಇನ್ ಎ ನಟ್‌ಷೆಲ್, ಕೋಣೆ ಗೆದ್ದಿತು! ಮೂರರಲ್ಲಿ ಎರಡು ಪಾಲು ಜನ ನಮ್ಮ ಕಡೆ. ಮೇಜರ್ ಬೆಂಚಿನ ಮೇಲೆ ಡ್ರಮ್ಮು ಬಾರಿಸಿದ್ದೇ ಬಾರಿಸಿದ್ದು.

ಮೀಟಿಂಗ್ ಮುಂದಿನ ತಿಂಗಳು. ಇದನ್ನು ನಿನ್ನ ಮಕ್ಕಳಿಗೆ ಓದಿ ಹೇಳು, ಹೀಗೆ ಮಾಡಬೇಕು ಎಂದು.

ನಿನ್ನ ಅಪ್ಪ


ಸೆಪ್ಟೆಂಬರ್ ೨೦

ನನ್ನ ಮುದ್ದು ಮಗಳೇ,

ಆಶೀರ್ವಾದಗಳು. ಈ ಸಲ ತಡವಾದದ್ದಕ್ಕೆ ಕಾರಣ ನೀನೇ. ನಿನ್ನ ಪತ್ರ ಓದಿದ ಮೇಲೆ ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಯಿತು. ನಿನ್ನ ಮಕ್ಕಳಿಗೆ ಓದಿ ಹೇಳು ಎಂದಿದ್ದೆ, ಓದಿದೆಯಂತೆ, ‘ಹೀಗೆ ಮಾಡಬಾರದು’ ಎಂದು. ಹಿಂದಿನ ಸಾಲಿನ ಒಬ್ಬಳು ಎದ್ದು “ಮಿಸ್, ನಿಮ್ಮಪ್ಪ ಪಾಸಾದ್ರಾ?” ಎಂದು ಕೇಳಿದಳಂತೆ. ಆ ಹುಡುಗಿಗೆ ಹೇಳು, ಇನ್ನೂ ಪರೀಕ್ಷೆ ಬರೆಯುತ್ತಿದ್ದಾರೆ ಎಂದು.

ನೀನು ಬರೆದ ಒಂದು ಮಾತು ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. “ಬೀಗ ಹಾಕಿದ ಮನೆಯವರು ಬಾಗಿಲು ತೆರೆದ ಮನೆಯವರ ಹಾಗೆಯೇ ಯೋಚಿಸುತ್ತಾರೆ ಅಂತ ನಿಮಗೆ ಯಾರು ಹೇಳಿದರು ಅಪ್ಪ? ಬೀಗ ಹಾಕಿರೋದಕ್ಕೆ ಒಂದು ಕಾರಣ ಇರುತ್ತಲ್ಲ. ಅವರ ಅಭಿಪ್ರಾಯಕ್ಕೂ ಅದೇ ಕಾರಣ ಇರಬಹುದಲ್ಲ.” ಮೊದಲು ಸಿಟ್ಟು ಬಂತು. ಸರ್ವೀಸಿನ ಉದ್ದಕ್ಕೂ ಮಾಡಿದ ಕೆಲಸವನ್ನು ಮಗಳು ಒಂದು ಸಾಲಿನಲ್ಲಿ ತಪ್ಪು ಅಂದರೆ ಬಾರದೇ? ಆಮೇಲೆ ಒಂದು ನೆನಪಾಗಿ ಒಬ್ಬನೇ ನಕ್ಕೆ. ಆ ಆವರೇಜ್ ಬಿಲ್ಲು ಹಿಡಿದುಕೊಂಡು ಜನ ಆಫೀಸಿಗೆ ಬಂದು ಜಗಳ ಮಾಡುತ್ತಿದ್ದರಲ್ಲ! “ರೀ, ನಾವು ಊರಲ್ಲೇ ಇರ್ಲಿಲ್ಲ, ನೀರು ಯಾರು ಕುಡಿದ್ರು, ನಿಮ್ಮ ಆವರೇಜಾ?” ಎನ್ನುತ್ತಿದ್ದರು. ನಿನ್ನ ಸ್ಟ್ಯಾಟಿಸ್ಟಿಕ್ಸನ್ನು ಅವರು ನನಗೆ ಆಗಲೇ ಕಲಿಸಿದ್ದರು, ನಾನು ಕೌಂಟರಿನ ಕಿಟಕಿ ಮುಚ್ಚಿದ್ದೆ.

ಚೀಟಿಯಲ್ಲಿ ಬಂದ ಮನೆಗೆ ಬದಲಿ ಮನೆಯಿಲ್ಲ ಎಂದು ಬರೆದಿದ್ದೀಯ. ಹಾಗಾಗಿ ಪಕ್ಕದ ಮನೆಯವರ ಉತ್ತರಗಳನ್ನೆಲ್ಲ ಹೊಡೆದುಹಾಕಿ, ಬೀಗ ಹಾಕಿದ್ದ ಮನೆಗಳಿಗೇ ಮತ್ತೆ ಹೊರಟೆ. ನಾನು ಹೋಗುತ್ತಿದ್ದದ್ದು ಮಧ್ಯಾಹ್ನ, ನನಗೆ ಅನುಕೂಲವಾದ ಹೊತ್ತು. ಮಧ್ಯಾಹ್ನ ಮನೆಯಲ್ಲಿ ಇರುವವರು ಯಾರು? ನನ್ನಂಥವರು. ನನ್ನಂಥವರನ್ನು ಕೇಳಿ ನನ್ನ ಅಭಿಪ್ರಾಯವನ್ನೇ ಬರೆದುಕೊಂಡು ಬಂದಿದ್ದೆ. ಈ ಸಲ ಸಂಜೆ ಹೋದೆ, ಭಾನುವಾರ ಹೋದೆ, ಬಾಗಿಲ ಹೊರಗೆ ಚಪ್ಪಲಿ ಕಂಡಾಗಲೆಲ್ಲ ಹೋದೆ.

ಒಬ್ಬ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು. ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು. “ಓದೋ ಕೋಣೆನಾ? ಯಾವಾಗ ನೋಡಿದ್ರೂ ಬೀಗ ಸಾರ್. ಗೋಡೌನು ಅಂದ್ಕೊಂಡಿದ್ದೆ” ಎಂದ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು.

ಇನ್ನೊಬ್ಬರು ಕೋಣೆಯ ಸರಿಯಾಗಿ ಮೇಲಿನ ಮನೆಯ ನರ್ಸಮ್ಮ. ಹಗಲು ಹೊರಗಿನಿಂದ ಬೀಗ ಹಾಕಿಸಿಕೊಂಡು ಒಳಗೆ ಮಲಗುವವರಂತೆ, ಮೂರು ಸಲ ಹೋದ ಮೇಲೆ ಸಿಕ್ಕರು. ನಾನು ವಿಷಯ ಹೇಳಿದ ಕೂಡಲೇ, “ಓ, ಆ ಟಕ್ ಟಕ್ ಅನ್ನೋ ರೂಮಾ?” ಎಂದರು.

“ಟಕ್ ಟಕ್?”

“ಕೇರಂ ಆಡ್ತೀರಲ್ಲ ಸಾರ್. ನಾನು ನೈಟ್ ಡ್ಯೂಟಿ ಮುಗಿಸಿ ಬಂದು ಹಾಸಿಗೆಗೆ ಬೀಳೋದೂ, ನೀವು ಟಕ್ ಅನ್ನಿಸೋದೂ ಒಂದೇ ಹೊತ್ತಿಗೆ. ಅದರ ಜೊತೆ ಒಬ್ಬರು ‘ಹೊಡೀ, ಹೊಡೀ’ ಅಂತಾರೆ, ಯಾರು ಯಾರನ್ನ ಹೊಡೀತಾ ಇದ್ದಾರೋ ಅಂತ ಎರಡು ಸಲ ಎದ್ದು ಕೂತಿದ್ದೀನಿ.”

“ಅವನು ನಮ್ಮ ಮೇಜರ್. ಅಷ್ಟು ತೊಂದರೆ ಆಗ್ತಿದ್ರೆ ಒಂದು ಮಾತು ಹೇಳಬಾರದಿತ್ತೇನಮ್ಮ?”

“ಯಾವಾಗ ಹೇಳ್ಲಿ? ನಾನು ಎದ್ದಿರೋವಾಗ ನೀವು ಮಲಗಿರ್ತೀರ, ನೀವು ಎದ್ದಿರೋವಾಗ ನಾನು ಮಲಗೋಕೆ ಒದ್ದಾಡ್ತಿರ್ತೀನಿ. ಸ್ಕೂಟರಿಗೇ ಕೊಡಿ ಸಾರ್. ಸ್ಕೂಟರ್ ಒಂದು ಸಲ ಕೆಮ್ಮಿ ಹೊರಟುಹೋಗುತ್ತೆ.”

ನಾನು ‘ಸ್ಕೂಟರ್’ ಎಂದು ಬರೆದುಕೊಂಡೆ. ಏನು ಮಾಡಲಿ, ಮೀಟರ್ ಎಷ್ಟು ತೋರಿಸುತ್ತದೋ ಅಷ್ಟೇ ಬರೆಯಬೇಕು. ಬಾಗಿಲು ಹಾಕುವ ಮುಂಚೆ ಅವರು, “ಸಾಯಂಕಾಲದ ಮೇಲೆ ಯಾಕೆ ತೆರೆದಿರಲ್ಲ ಅದು? ಡಿಪಾರ್ಟ್‌ಮೆಂಟ್ ಪರೀಕ್ಷೆಗೆ ಓದ್ಬೇಕು, ಮನೆಯಲ್ಲಿ ಟಿ.ವಿ. ಗಲಾಟೆ” ಎಂದು ಗೊಣಗಿಕೊಂಡರು. ಅದನ್ನೂ ಪಕ್ಕದಲ್ಲಿ ಬರೆದುಕೊಂಡೆ.

ಎಲ್ಲ ಮುಗಿಸಿ ಕೂಡಿಸಿ ನೋಡಿದೆ. ಸ್ಕೂಟರ್ ಕಡೆ ಎರಡು ಮನೆ ಹೆಚ್ಚು.

ಅವತ್ತು ಕೋಣೆಯಲ್ಲಿ ನಾವು ಮೂವರೂ ಕೇರಂ ಮುಟ್ಟಲಿಲ್ಲ. ಮೇಜರ್ ಬಾಗಿಲು ಹಾಕಿ ಬಂದು, ದನಿ ತಗ್ಗಿಸಿ, “ಮೊದಲಿನ ಲೆಕ್ಕನೇ ಓದ್ಬಿಡಿ. ನೀವು ಎರಡನೇ ಸಲ ಹೋಗಿದ್ದು ಯಾರಿಗೆ ಗೊತ್ತು?” ಎಂದ.

“ಹೋದ ಮನೆಯವರಿಗೆ ಗೊತ್ತಲ್ಲೋ.”

ವಾಚಣ್ಣ ಮೇಜರ್‌ಗಿಂತ ನಾಜೂಕು. “ಸುಳ್ಳು ಬೇಡ. ಇನ್ನೊಂದು ಹತ್ತು ಚೀಟಿ ಎತ್ತೋಣ. ನಮ್ಮ ಕಡೆ ಜಾಸ್ತಿ ಆಯ್ತಾ, ಅಲ್ಲಿಗೆ ನಿಲ್ಸೋಣ. ಆಗ್ಲಿಲ್ವಾ, ಮತ್ತೆ ಹತ್ತು” ಎಂದ.

“ಗೆಲ್ಲೋ ತನಕ ಆಡೋದಾ?”

“ಕೇರಂನಲ್ಲಿ ನೀವು ಮಾಡೋದು ಅದನ್ನೇ ತಾನೆ?”

ಪುಟ್ಟಿ, ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡೇ ಎರಡು ಮನೆ. ಆದರೆ ಎಷ್ಟು ಚೀಟಿ ಎಂದು ಎತ್ತುವ ಮೊದಲೇ ಗೊತ್ತುಮಾಡಬೇಕು, ಉತ್ತರ ನೋಡಿಕೊಂಡು ಅಲ್ಲ ಎಂದು ನೀನೇ ಬರೆದಿದ್ದೆ. ನಿನ್ನ ಹಿಂದಿನ ಸಾಲಿನ ಹುಡುಗಿಯ ಮುಂದೆ ಫೇಲಾಗಲು ನನಗೆ ಮನಸ್ಸಾಗಲಿಲ್ಲ. “ಇದ್ದದ್ದನ್ನ ಓದ್ತೀನಿ” ಎಂದೆ. ಮೇಜರ್ ಎದ್ದು ಹೋದ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಪೇಪರಿನ ಹಾಳೆಯನ್ನು ವಾಚಣ್ಣನ ಮೂಲಕ ದಾಟಿಸುತ್ತಿದ್ದ.

ಮೀಟಿಂಗಿನ ದಿನ ಎದ್ದು ನಿಂತಾಗ ಕಾಲೇಜಿನ ಡಿಬೇಟು ನೆನಪಾಯಿತು. ‘ಮಿಸ್ಟರ್ ಚೇರ್‌ಮನ್, ಆನರಬಲ್ ಜಡ್ಜಸ್’ ಎಂದು ಶುರುಮಾಡಿ ಮುಂದಿನದು ಮರೆತು ಕೂತಿದ್ದೆ ಆಗ. ಈ ಸಲ ಮರೆಯಲಿಲ್ಲ. ಲೆಕ್ಕ ಓದಿದೆ. ಸೆಕ್ರೆಟರಿಯ ಮುಖ ಬಲ್ಬಿನಂತೆ ಬೆಳಗಿತು. “ನೋಡಿ, ಸಾರ್ ಅವರೇ ಒಪ್ಪಿದ್ರು” ಎಂದ.

“ಕೂತ್ಕೊಳ್ಳಪ್ಪಾ, ಮುಗಿದಿಲ್ಲ” ಎಂದೆ. ನೀನು ಹೇಳಿಕೊಟ್ಟದ್ದನ್ನು ಹೇಳಿದೆ. ಮೂವತ್ತು ಮನೆಯಲ್ಲಿ ಎರಡು ಮನೆಯ ವ್ಯತ್ಯಾಸ ಎಂದರೆ ವ್ಯತ್ಯಾಸವೇ ಅಲ್ಲ, ಬೇರೆ ಮೂವತ್ತು ಚೀಟಿ ಬಂದಿದ್ದರೆ ತಕ್ಕಡಿ ಈ ಕಡೆ ವಾಲುತ್ತಿತ್ತೋ ಏನೋ. ಕಟ್ಟಡ ಸರಿಸುಮಾರು ಅರ್ಧಕ್ಕರ್ಧ ಎಂದಷ್ಟೇ ಹೇಳಬಹುದು.

“ಅಯ್ಯೋ, ಹಂಗಾದ್ರೆ ಮನೆ ಮನೆ ಸುತ್ತಿದ್ದು ಯಾಕೆ ಸಾರ್?” ಎಂದ ಸೆಕ್ರೆಟರಿ. ಜನ ನಕ್ಕರು. ನಾನೂ ನಕ್ಕೆ.

“ಯಾಕೆ ಅಂತ ಹೇಳ್ತೀನಿ” ಎಂದು, ಪಕ್ಕದಲ್ಲಿ ಬರೆದುಕೊಂಡದ್ದನ್ನು ಓದಿದೆ. ಕೋಣೆ ಬೇಡ ಎಂದವರಲ್ಲಿ ಬಹಳ ಜನಕ್ಕೆ ಸ್ಕೂಟರೇ ಇಲ್ಲ! ಅವರು ಮನೆಗೆ ಬರುವಾಗ ಅದಕ್ಕೆ ಬೀಗ, ಅವರು ಮಲಗುವಾಗ ಅದರಲ್ಲಿ ಗದ್ದಲ. ಇಷ್ಟೇ ಅವರ ತಕರಾರು.

ಆಗ ಹಿಂದುಗಡೆಯಿಂದ ಒಂದು ದನಿ ಬಂತು. ನರ್ಸಮ್ಮ! ಡ್ಯೂಟಿಗೆ ಹೊರಟವರು ಚೀಲ ಹೆಗಲಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದರು. “ಬೆಳಿಗ್ಗೆ ಹೊತ್ತು ಮುಚ್ಚಿಡಿ. ಮಧ್ಯಾಹ್ನದಿಂದ ರಾತ್ರಿ ತನಕ ತೆಗೀರಿ. ಹಾಗಾದ್ರೆ ನನ್ನದು ಕೋಣೆ ಕಡೆಗೇ” ಎಂದರು. ಒಲೆಯವನು “ನಂದೂನೂ” ಎಂದು ಕೈ ಎತ್ತಿದ. ಮೇಜರ್ ಜಿಗಿದು ನಿಂತು, “ಬೆಳಿಗ್ಗೆ ಪೇಪರ್ ಓದ್ದೆ ಮಧ್ಯಾಹ್ನ ಓದಿದ್ರೆ ಅದು ಪೇಪರ್ರಾ, ಇತಿಹಾಸನಾ?” ಎಂದ. ಎಲ್ಲರೂ ನನ್ನ ಮುಖ ನೋಡಿದರು. ಬೀಗದ ಕೈ ಇದ್ದದ್ದು ನನ್ನ ಹತ್ತಿರ ತಾನೆ?

ಆ ಹೆಣ್ಣುಮಗಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ರಾತ್ರಿಯೆಲ್ಲ ಯಾರದೋ ಅಪ್ಪನಿಗೆ ನೀರು ಕುಡಿಸಿ, ಮಗ್ಗಲು ತಿರುಗಿಸಿ ಬರುವವರು. ನಾನೇ ಮೊದಲು ಕೈ ಎತ್ತಿದೆ. ಆಮೇಲೆ ಒಂದೊಂದಾಗಿ ಕೈಗಳು ಮೇಲೆದ್ದವು. ಕೊನೆಗೆ ಮೇಜರ್‌ದೂ, ಅರ್ಧ.

ಹೀಗೆ ಕೋಣೆ ಉಳಿಯಿತು ಮಗಳೇ. ಸ್ಕೂಟರುಗಳಿಗೆ ಕಾಂಪೌಂಡ್ ಗೋಡೆಯ ಪಕ್ಕ ತಗಡು ಹೊದಿಸುತ್ತಾರೆ. ಸೆಕ್ರೆಟರಿ ತನ್ನ ಅಂಗಡಿಯಲ್ಲಿ ಉಳಿದ ಟೈಲ್ಸ್ ತಂದು ಕೋಣೆಯ ನೆಲಕ್ಕೆ ಹಾಕಿಸಿದ್ದಾನೆ, ನಾಲ್ಕು ಬಗೆಯ ಬಣ್ಣ, ನೋಡಿದರೆ ತಲೆ ತಿರುಗುತ್ತದೆ. “ಇದು ರ್‍ಯಾಂಡಮ್ ಸಾರ್” ಎನ್ನುತ್ತಾನೆ. ಅಲ್ಲವಯ್ಯಾ, ಇದು ಸಿಕ್ಕಿದ್ದು ಅಂಟಿಸಿದ್ದು ಎಂದು ಹೇಳಿ ಹೇಳಿ ಸಾಕಾಯಿತು. ಬೀಗದ ಕೈ ಈಗ ವಾಚ್‌ಮನ್ ಹತ್ತಿರ ಇರುತ್ತದೆ. ಸಂಜೆ ಹೊತ್ತು ಕೂರಲು ಜಾಗ ಸಿಗುವುದಿಲ್ಲ. ಮೂಲೆಯಲ್ಲಿ ನರ್ಸಮ್ಮ ಡ್ಯೂಟಿಗೆ ಹೋಗುವವರೆಗೆ ಕಿವಿಗೆ ಹತ್ತಿ ಇಟ್ಟುಕೊಂಡು ಓದುತ್ತಾರೆ. ಒಲೆಯವನು ಕೇರಂನಲ್ಲಿ ಮೇಜರ್‌ನನ್ನು ಮಣ್ಣುಮುಕ್ಕಿಸಿದ. ಸೋತ ಮೇಲೆ ಮೇಜರ್ ನನ್ನ ಜೊತೆ ಮಾತು ಬಿಟ್ಟದ್ದನ್ನೇ ಮರೆತು, “ಇವನನ್ನ ಯಾವ ಚೀಟಿಯಲ್ಲಿ ಎತ್ತಿದ್ರೀ, ವಾಪಸ್ ಹಾಕಿ” ಎಂದು ನನ್ನ ಹತ್ತಿರವೇ ದೂರು ಹೇಳಿದ. ಕಟ್ಟಡದ ಮಕ್ಕಳೆಲ್ಲ ನನ್ನನ್ನು ‘ಸ್ಯಾಂಪಲ್ ತಾತ’ ಎಂದು ಕರೆಯುತ್ತಾರೆ. ಮೀಟರ್‌ನವನು ಎಂದು ಕರೆಸಿಕೊಂಡದ್ದಕ್ಕಿಂತ ವಾಸಿ.

ನಿನ್ನ ಹಿಂದಿನ ಸಾಲಿನ ಹುಡುಗಿಗೆ ಹೇಳು, ಜಸ್ಟ್ ಪಾಸು. ಗ್ರೇಸ್ ಮಾರ್ಕ್ಸ್ ಇಲ್ಲದೆ.

ನೀನೂ ಅಳಿಯಂದಿರೂ ಕೂಡಿ ನಗುನಗುತ್ತ ಬಾಳಿ. ನೀನು ಕಲಿಸುವ ಮಕ್ಕಳಿಗೆಲ್ಲ ಒಳ್ಳೆಯ ಬುದ್ಧಿ ಬರಲಿ, ಅದರಲ್ಲಿ ಒಂದೆರಡು ಚಮಚ ನಿನ್ನ ಅಪ್ಪನಿಗೂ ಬರಲಿ.

ನಿನ್ನ ಪ್ರೀತಿಯ
ಅಪ್ಪ

ತಾ.ಕ.: ಕಾಗದ ನಿನ್ನೆ ಮಧ್ಯಾಹ್ನವೇ ಮುಗಿದಿತ್ತು. ಇದೊಂದನ್ನು ಬೆಳಿಗ್ಗೆ ಬರೆಯುತ್ತಿದ್ದೇನೆ. ನಿನ್ನ ಪತ್ರದ ಕೊನೆಯಲ್ಲಿ, ‘ಅಪ್ಪ, ನಿಮ್ಮ ಕಾಗದ ಓದಿದರೆ ಅಮ್ಮ ಹೋದ ದುಃಖದಿಂದ ನೀವು ಹೊರಗೆ ಬಂದಿದ್ದೀರಿ ಅನ್ನೋದು ಗೊತ್ತಾಗುತ್ತೆ, ನನಗೆ ಅಷ್ಟು ಸಾಕು’ ಎಂದು ಬರೆದಿದ್ದೆ. ನನಗೆ ಇಷ್ಟೆಲ್ಲ ಪಾಠ ಹೇಳಿದವಳು ಆ ಮಾತು ಹೇಗೆ ಬರೆದೆ? ನಾನು ನಿನಗೆ ಬರೆದವೆಲ್ಲ ಕೆಳಗಿನ ಕೋಣೆಯಲ್ಲಿ, ನಾಲ್ಕು ಜನರ ನಡುವೆ, ಮನಸ್ಸು ಹಗುರಾಗಿದ್ದಾಗ ಬರೆದವು. ಬೆಳಗಿನ ಹೊತ್ತು ಮನೆಯಲ್ಲಿ ಕೂತು ಬರೆದದ್ದು ಒಂದೂ ಇಲ್ಲ. ನೀನು ಚಿಕ್ಕವಳಿದ್ದಾಗಿನಿಂದ ಈ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಅಡುಗೆಮನೆಯಲ್ಲಿ ನಿನ್ನ ಅಮ್ಮ ನಲ್ಲಿ ಬಿಟ್ಟ ಸದ್ದಿಗೆ. ಆ ಸದ್ದಿಲ್ಲದ ಮನೆಯಲ್ಲಿ ಕೂರಲಾರದೆ ನಾನು ಅಷ್ಟು ಬೇಗ ಕೆಳಗೆ ಓಡುತ್ತಿದ್ದೆ. ಪೇಪರಿನ ಆಸೆಗಲ್ಲ. ನರ್ಸಮ್ಮನ ನಿದ್ದೆ ದೊಡ್ಡದು, ಕೈ ಎತ್ತಿದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಕೋಣೆ ತೆರೆಯುವವರೆಗೆ ಈಗ ಹೊತ್ತು ಬಹಳ ಉದ್ದ. ಎದ್ದು ನಲ್ಲಿ ತಿರುಗಿಸಿ, ಕೆಳಗೆ ಪಾತ್ರೆ ಇಟ್ಟು, ಹೊರಗೆ ಬಂದು ಕುರ್ಚಿಯಲ್ಲಿ ಕೂರುತ್ತೇನೆ. ತುಂಬುವವರೆಗೆ ಒಳಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ರಜೆ ಸಿಕ್ಕಾಗ ಬಾ ಮಗಳೇ. ರಾತ್ರಿ ಬಸ್ಸು ಹತ್ತು, ಬೆಳಿಗ್ಗೆ ಬಂದು ಇಳಿ.